ಬಿಲ್ಲು ಒಂದೇ, ಬಾಣ ಮಾತ್ರ ಒಂದೊಂದು ಕಡೆ: ಸರಿಪಡಿಸೋದು ಹೇಗೆ?

ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿಗೆಂದೇ ‘ಇಂಡಿಯನ್ ರೌಂಡ್’ ಎಂಬ ವಿಭಾಗವಿದೆ. ಕಡಿಮೆ ಖರ್ಚು ಎಂಬ ಕಾರಣಕ್ಕೆ ಹೊಸದಾಗಿ ಕಲಿಯುವ ಮಕ್ಕಳು ಈ ಬಿಲ್ಲನ್ನೇ ಹಿಡಿಯೋದುಂಟು. ಬಾಣ ಗುರಿ ತಪ್ಪಿದರೆ ‘ಬಿಲ್ಲೇ ಸರಿಯಿಲ್ಲ’ ಎಂದು ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಬಾಣವನ್ನು ಒಮ್ಮೆ ಪರೀಕ್ಷಿಸಿ.

ಬಾಣ ಯಾಕೆ ದಾರಿ ತಪ್ಪುತ್ತೆ?

ಬಾಣ ಬಿಲ್ಲಿನ ನಟ್ಟನಡುವಿಂದ ಹೋಗಲ್ಲ, ಹಿಡಿಯ ಪಕ್ಕದಿಂದ ಹೋಗುತ್ತೆ. ಹೆದೆ ಬಿಟ್ಟ ಕೂಡಲೇ ಕಡ್ಡಿ ಬಳುಕಿ, ಹಿಡಿಯನ್ನು ಬಳಸಿಕೊಂಡು ನೇರ ದಾರಿಗೆ ಬರುತ್ತೆ. ಕಡ್ಡಿ ತೀರಾ ಗಡುಸಾದರೂ, ತೀರಾ ಮೆತುವಾದರೂ ಈ ಲೆಕ್ಕ ತಪ್ಪುತ್ತೆ. ಬಿದಿರಿನ ಕಡ್ಡಿಗಳು ಒಂದರಂತೆ ಇನ್ನೊಂದು ಇರಲ್ಲ. ಹಾಗಾಗಿ ತೂಕ, ಉದ್ದ, ಬಳುಕು ಹೊಂದುವಂಥವನ್ನು ಆರಿಸಿ ಒಂದು ಜೊತೆ ಮಾಡಿಕೊಳ್ಳಬೇಕು.

ಪರೀಕ್ಷೆ ಹೀಗೆ

ಗರಿ ಇರುವ ಮೂರು ಬಾಣ, ಅದೇ ಅಳತೆಯ ಗರಿ ಇಲ್ಲದ ಒಂದು ಬಾಣ ತೆಗೆದುಕೊಳ್ಳಿ. ಹತ್ತು ಹೆಜ್ಜೆ ದೂರದಿಂದ, ದೊಡ್ಡ ಹುಲ್ಲಿನ ಗುರಿಗೆ ಬಿಡಿ. ಗರಿ ಬಾಣದ ತಪ್ಪನ್ನು ಮುಚ್ಚಿಹಾಕುತ್ತೆ; ಗರಿ ಇಲ್ಲದ್ದು ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತೆ.

• ಗರಿ ಇಲ್ಲದ್ದು ಉಳಿದವುಗಳಿಗಿಂತ ಮೇಲೆ ನಾಟಿದರೆ, ಹೆದೆಯ ಮೇಲೆ ಬಾಣ ಸಿಕ್ಕಿಸುವ ಗುರುತನ್ನು ಸ್ವಲ್ಪ ಮೇಲಕ್ಕೆ ಸರಿಸಿ. ಕೆಳಗೆ ನಾಟಿದರೆ ಕೆಳಕ್ಕೆ. ಮೊದಲು ಇದನ್ನೇ ಸರಿಮಾಡಿ.
• ಎಡಕ್ಕೆ ನಾಟಿದರೆ ಕಡ್ಡಿ ಗಡುಸು. ಮೊನೆಯ ತೂಕ ಹೆಚ್ಚಿಸಿ.
• ಬಲಕ್ಕೆ ನಾಟಿದರೆ ಕಡ್ಡಿ ಮೆತು. ಮೊನೆ ಹಗುರ ಮಾಡಿ, ಇಲ್ಲವೇ ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ಮೋಟು ಮಾಡಿ. ಪೂರ್ತಿ ಎಳೆದಾಗ ಮೊನೆ ಹಿಡಿಯಿಂದ ಮುಂದೆಯೇ ಇರಬೇಕು. ಅದಕ್ಕಿಂತ ಮೋಟಾದರೆ ಕೈಗೇ ಚುಚ್ಚೀತು.

ಎಡ–ಬಲದ ಈ ಲೆಕ್ಕ ಬಲಗೈಯವರು ಬಾಣವನ್ನು ಬಿಲ್ಲಿನ ಎಡಕ್ಕಿಟ್ಟು, ಬೆರಳಲ್ಲಿ ಹೆದೆ ಎಳೆದು ಬಿಡುವಾಗಿನದು. ಎಡಗೈಯವರಿಗೆ ಉಲ್ಟಾ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಒಂದೇ ಏಟು ನೋಡಿ ತೀರ್ಮಾನಿಸಬೇಡಿ. ನಾಲ್ಕೈದು ಸಲ ಬಿಟ್ಟು ನೋಡಿ.

ತೂಕ ಮರೆಯಬೇಡಿ

ಎಳೆತದ ಪ್ರತಿ ಪೌಂಡಿಗೆ ಬಾಣ ಸುಮಾರು 0.65 ಗ್ರಾಂ ತೂಗಬೇಕು ಅನ್ನೋದು ರೂಢಿಯ ಲೆಕ್ಕ. 30 ಪೌಂಡ್ ಬಿಲ್ಲಿಗೆ ಸುಮಾರು 20 ಗ್ರಾಂ, 40 ಪೌಂಡಿಗೆ 26 ಗ್ರಾಂ. ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಸಾಕು. ತೀರಾ ಹಗುರ ಬಾಣ ಬಿಟ್ಟರೆ ಹೆದೆಯ ಬಲವೆಲ್ಲ ಬಿಲ್ಲಿಗೇ ವಾಪಸ್ ಬಡಿದು ಬಿಲ್ಲು ಸೀಳಬಹುದು. ಬಾಣವಿಲ್ಲದೆ ಬರೀ ಹೆದೆ ಎಳೆದು ಬಿಡಲೇಬಾರದು.

ಬಿಡುವ ಮುನ್ನ ಪ್ರತಿ ಬಾಣವನ್ನೂ ಕೈಯಲ್ಲಿ ಮೆಲ್ಲಗೆ ಬಾಗಿಸಿ, ತಿರುಗಿಸಿ ನೋಡಿ. ಚಿಟ್ ಎಂದು ಸದ್ದು ಬಂದರೆ, ಬಿರುಕು ಕಂಡರೆ ಅದನ್ನು ಮುರಿದು ಎಸೆಯಿರಿ. ಗುರಿಯ ಹಿಂದೆ ರಸ್ತೆ, ಮನೆ, ಜನ, ದನಕರು ಇರಬಾರದು.