ಗಣಕಯಂತ್ರದ ರಿಜಿಸ್ಟ್ರಿಯೂ ಗೃಹಸ್ಥರೂ

ಶಾಲೆಗಳಲ್ಲಿ ದಾಖಲಾತಿ ರಿಜಿಸ್ಟರೆಂಬುದೊಂದು ಇರುವುದನ್ನು ವಾಚಕರೆಲ್ಲರೂ ಬಲ್ಲರು. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಇವು ಅದರಲ್ಲಿ ಒಮ್ಮೆ ಬರೆಯಲ್ಪಟ್ಟರೆ ಮುಂದೆ ಆ ಮಗುವಿನ ಪರೀಕ್ಷೆ, ಉದ್ಯೋಗ, ವಿಶ್ರಾಂತಿವೇತನಗಳೆಲ್ಲವೂ ಆ ಒಂದು ಸಾಲನ್ನು ಅನುಸರಿಸಿಯೇ ನಡೆಯತಕ್ಕವು. ಆದುದರಿಂದ ಅದರಲ್ಲಿ ತಪ್ಪು ಬಿದ್ದರೆ ಉಜ್ಜಿ ಅಳಿಸಿ ಬರೆಯುವ ಪದ್ಧತಿಯಿಲ್ಲ. ಹಳೆಯದು ಕಾಣುವಂತೆ ಒಂದು ಗೆರೆಯೆಳೆದು, ಕೆಂಪು ಮಸಿಯಲ್ಲಿ ಹೊಸದನ್ನು ಬರೆದು, ಮುಖ್ಯೋಪಾಧ್ಯಾಯರು ಪಕ್ಕದಲ್ಲಿ ರುಜು ಹಾಕಬೇಕು. ಇಂತಹ ಕಟ್ಟುಪಾಡಿನಲ್ಲಿಯೇ ಆಯುಸ್ಸಿನ ಬಹುಭಾಗವನ್ನು ಕಳೆದ ನಾವು, ಮನೆಯ ಗಣಕಯಂತ್ರದೊಳಗೂ ಅದೇ ಬಗೆಯ ರಿಜಿಸ್ಟರೊಂದಿರುವುದನ್ನು ಕಂಡ ದಿನ ಅದನ್ನು ಕೆಂಪು ಮಸಿಯಿಲ್ಲದೆ ತಿದ್ದಿದೆವು. ಅದರಿಂದಾದ ನಷ್ಟವನ್ನು ಮುಂದೆ ಹೇಳುವೆವು. ಮೊದಲು ವಸ್ತುವೇನೆಂಬುದನ್ನು ತಿಳಿಯುವುದು ಯುಕ್ತ.

ವಿಂಡೋಸ್ ಎಂಬ ವ್ಯವಸ್ಥೆಯಿಂದ ನಡೆಯುವ ಗಣಕಯಂತ್ರಗಳಲ್ಲೆಲ್ಲ ಈ ಪುಸ್ತಕವುಂಟು. ರಿಜಿಸ್ಟ್ರಿಯೆಂದು ಅದರ ಹೆಸರು. ತೆರೆಯ ಬಣ್ಣ ಯಾವುದು, ಯಾವ ಫೈಲನ್ನು ಯಾವ ಕಾರ್ಯಕ್ರಮವು ತೆರೆಯಬೇಕು, ಮುದ್ರಣಯಂತ್ರ ಯಾವುದು, ಯಂತ್ರವು ಎಚ್ಚತ್ತಾಗ ಅದರೊಡನೆ ಇನ್ನಾವ ಕಾರ್ಯಕ್ರಮಗಳು ಎಚ್ಚರಗೊಳ್ಳಬೇಕು, ಇಂತಹ ಸಹಸ್ರಾರು ಸಂಗತಿಗಳು ಅದರಲ್ಲಿ ನಮೂದಾಗಿರುತ್ತವೆ. ಪೂರ್ವದಲ್ಲಿ ಹೀಗಿರಲಿಲ್ಲ. ಒಂದೊಂದು ಕಾರ್ಯಕ್ರಮವೂ ತನ್ನ ಲೆಕ್ಕವನ್ನು ಒಂದೊಂದು ಸಣ್ಣ ಬರೆಹದ ಫೈಲಿನಲ್ಲಿ ಇಟ್ಟುಕೊಳ್ಳುತ್ತಿತ್ತು, ವಿನ್.ಐಎನ್‌ಐ, ಸಿಸ್ಟಂ.ಐಎನ್‌ಐ ಎಂಬ ಹೆಸರುಗಳು ಹಳಬರಲ್ಲಿ ಕೆಲವರಿಗೆ ನೆನಪಿರಬಹುದು. ೧೯೯೨ರಲ್ಲಿ ಹೊರಬಂದ ವಿಂಡೋಸ್ ೩.೧ರಲ್ಲಿ ರಿಜಿಸ್ಟ್ರಿಯು ಅಲ್ಪ ಪ್ರಯೋಜನಕ್ಕಾಗಿ ಹುಟ್ಟಿತು. ೧೯೯೩ರ ವಿಂಡೋಸ್ ಎನ್‌ಟಿ, ೧೯೯೫ರ ವಿಂಡೋಸ್ ೯೫ ಇವುಗಳಲ್ಲಿ ಇಡೀ ಸಂಸಾರದ ಲೆಕ್ಕವೇ ಅದರ ಪಾಲಿಗೆ ಬಂದಿತು. ಚಿಲ್ಲರೆ ಚೀಟಿಗಳು ಹೋಗಿ ಒಂದು ಖಾತೆಪುಸ್ತಕವಾದದ್ದು ಅನುಕೂಲವೇ ಸರಿ. ಆದರೆ ಚೀಟಿ ಹರಿದರೆ ಒಂದು ಬಾಬ್ತು ಮಾತ್ರ ಕೆಡುತ್ತಿತ್ತು. ಖಾತೆಪುಸ್ತಕ ಕೆಟ್ಟರೆ ಯಂತ್ರವು ಏಳದೆಯೇ ಹೋಗುವುದುಂಟು.

ಈ ಪುಸ್ತಕವನ್ನು ತೆರೆಯುವುದು ಅತಿ ಸುಲಭ. ಅಪಾಯಕ್ಕೆ ಅದೂ ಒಂದು ಕಾರಣ. ಕೀಲಿಮಣೆಯಲ್ಲಿ ವಿಂಡೋಸಿನ ಚಿಹ್ನೆಯಿರುವ ಕೀಲಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಆರ್, ಇ, ಜಿ, ಇ, ಡಿ, ಐ, ಟಿ ಎಂಬ ಏಳು ಇಂಗ್ಲಿಷ್ ಅಕ್ಷರಗಳನ್ನು ಬರೆದರಾಯಿತು. ಯಂತ್ರವು ಒಮ್ಮೆ ಅನುಮತಿ ಕೇಳುವುದು, ಕೊಟ್ಟರೆ ಬಾಗಿಲು ತೆರೆಯುವುದು. ಎಡಗಡೆಯಲ್ಲಿ ಮರದ ಕೊಂಬೆಗಳಂತೆ ಒಂದರೊಳಗೊಂದು ಹಳದಿಯ ಕಡತಗಳು ಕಾಣುವುವು. ಇವಕ್ಕೆ ಕೀ ಎಂದು ಹೆಸರು. ಇವನ್ನು ನಾವು ಪುಟಗಳೆಂದು ಕರೆಯೋಣ. ಬಲಗಡೆಯಲ್ಲಿ ಆ ಪುಟದ ಸಾಲುಗಳು: ಹೆಸರು, ಜಾತಿ, ಬೆಲೆ ಎಂದು ಮೂರು ಅಂಕಣಗಳು. ಇವನ್ನು ನಮೂದುಗಳೆನ್ನೋಣ.

ಮೊದಲನೆಯ ಹಂತದಲ್ಲಿ ಐದು ಮಹಾಶಾಖೆಗಳು ತೋರುವುವು. ಅವುಗಳ ಉದ್ದುದ್ದದ ಹೆಸರುಗಳಿಗೆ ಯಾರೂ ಬೆದರಬೇಕಾಗಿಲ್ಲ. ಐದಾಗಿ ಕಂಡರೂ ವಸ್ತುತಃ ಅವು ಎರಡೇ. ಲೋಕಲ್ ಮಷೀನ್ ಎಂಬುದು ಯಂತ್ರಕ್ಕೆಲ್ಲ ಸಂಬಂಧಪಟ್ಟದ್ದು. ಯೂಸರ್ಸ್ ಎಂಬುದು ಯಂತ್ರವನ್ನು ಬಳಸುವ ಒಬ್ಬೊಬ್ಬರಿಗೂ ಸಂಬಂಧಪಟ್ಟದ್ದು. ಉಳಿದ ಮೂರು ಈ ಎರಡರ ಭಾಗಗಳನ್ನೇ ಬೇರೆ ಕಿಟಕಿಯಿಂದ ತೋರಿಸತಕ್ಕವು. ಒಂದೇ ವಸ್ತುವು ಉಪಾಧಿಭೇದದಿಂದ ಹಲವಾಗಿ ತೋರುವುದೆಂಬುದು ನಮ್ಮ ಓದುಗರಿಗೆ ಹೊಸ ಮಾತಲ್ಲವಷ್ಟೆ. ಆ ಮೂರರಲ್ಲಿ ಕರೆಂಟ್ ಯೂಸರ್ ಎಂಬುದು ಈಗ ಯಂತ್ರದ ಮುಂದೆ ಕುಳಿತವರ ಪಾಲು. ಹೊಸಬರು ಏನಾದರೂ ಮಾಡಲೇಬೇಕೆಂದಿದ್ದರೆ ಈ ಪಾಲಿನೊಳಗೇ ಮಾಡತಕ್ಕದ್ದು. ಇಲ್ಲಿ ಎಡವಿದರೆ ಪೆಟ್ಟು ಸಾಮಾನ್ಯವಾಗಿ ಎಡವಿದವರೊಬ್ಬರಿಗೇ ಬೀಳುವುದು. ಲೋಕಲ್ ಮಷೀನಿನಲ್ಲಿ ಎಡವಿದರೆ ಮನೆಮಂದಿಗೆಲ್ಲ ಬೀಳುವುದು. ಯಂತ್ರದ ಏಳುವಿಕೆಗೆ ಬೇಕಾದ ನಮೂದುಗಳಿರುವುದೂ ಅಲ್ಲಿಯೇ.

ಮುಟ್ಟದೆ ನೋಡುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಲೋಕಲ್ ಮಷೀನಿನಲ್ಲಿ ಸಿಸ್ಟಂ, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕೀಬೋರ್ಡ್ ಲೇಔಟ್ಸ್ ಎಂದು ಇಳಿದುಹೋದರೆ ಲೋಕದ ನಾನಾ ಭಾಷೆಗಳ ಕೀಲಿಮಣೆಗಳು ಸಂಖ್ಯೆಗಳ ರೂಪದಲ್ಲಿ ಸಾಲಾಗಿ ನಿಂತಿರುವುವು. ಐದು ಸೊನ್ನೆಗಳ ಮುಂದೆ ೪೪ಬಿ ಎಂದಿರುವ ಪುಟವೇ ನಮ್ಮ ಕನ್ನಡ. ಸಂಖ್ಯೆಯೊಳಗೆ ಬಿ ಅಕ್ಷರವೇಕೆ ಬಂದಿತೆಂದರೆ, ಇದು ದಶಮಾನದ ಸಂಖ್ಯೆಯಲ್ಲ, ಷೋಡಶಮಾನದ್ದು. ಇದರಲ್ಲಿ ಒಂಬತ್ತರ ಮೇಲೆ ಎ ಎಂದರೆ ಹತ್ತು, ಬಿ ಎಂದರೆ ಹನ್ನೊಂದು, ಹೀಗೆ ಎಫ್ ಎಂದರೆ ಹದಿನೈದು. ನಮ್ಮ ಲೆಕ್ಕದಲ್ಲಿ ಆ ಕನ್ನಡದ ಸಂಖ್ಯೆಯು ೧೦೯೯ ಆಗುತ್ತದೆ. ಇದನ್ನು ವಿನೋದಕ್ಕೆಂದು ಹೇಳಿದೆವಲ್ಲ. ರಿಜಿಸ್ಟ್ರಿಯಲ್ಲಿ ಡಿವರ್ಡ್ ಎಂಬ ಜಾತಿಯ ನಮೂದನ್ನು ತಿದ್ದಲು ತೆರೆದರೆ ಪೆಟ್ಟಿಗೆಯು ಮೊದಲು ಷೋಡಶಮಾನದಲ್ಲಿಯೇ ನಿಂತಿರುತ್ತದೆ. ಅಲ್ಲಿ ಹತ್ತೆಂದು ಭಾವಿಸಿ ೧೦ ಬರೆದವರು ಹದಿನಾರನ್ನು ಬರೆದಂತಾಯಿತು. ಪಕ್ಕದಲ್ಲಿ ಡೆಸಿಮಲ್ ಎಂಬ ಗುರುತನ್ನು ಆರಿಸಿಕೊಂಡ ಮೇಲೆಯೇ ನಮ್ಮ ಅಂಕಿಗಳನ್ನು ಬರೆಯತಕ್ಕದ್ದು.

ನೋಡಿ ಕಲಿಯುವುದಕ್ಕೆ ಇನ್ನೊಂದು ಒಳ್ಳೆಯ ಪಾಠವುಂಟು. ಕರೆಂಟ್ ಯೂಸರಿನಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಎಕ್ಸ್‌ಪ್ಲೋರರ್, ಅಡ್ವಾನ್ಸ್ಡ್ ಎಂಬ ಪುಟಕ್ಕೆ ಹೋಗಿ, ಬಲಗಡೆಯಲ್ಲಿ ಹೈಡ್ ಫೈಲ್ ಎಕ್ಸ್‌ಟ್ ಎಂಬ ನಮೂದನ್ನು ನೋಡಿರಿ. ಸಾಮಾನ್ಯವಾಗಿ ಅದರ ಬೆಲೆ ೧ ಎಂದಿರುವುದು. ಫೈಲುಗಳ ಹೆಸರಿನ ಬಾಲವನ್ನು ಮರೆಮಾಡು ಎಂದು ಅದರರ್ಥ. ಈಗ ರಿಜಿಸ್ಟ್ರಿಯನ್ನು ಮುಟ್ಟದೆ, ಫೈಲುಗಳನ್ನು ನೋಡುವ ಕಿಟಕಿಯಲ್ಲಿ ವ್ಯೂ ಎಂಬಲ್ಲಿಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದಕ್ಕೆ ಗುರುತು ಹಾಕಿರಿ. ಮತ್ತೆ ರಿಜಿಸ್ಟ್ರಿಗೆ ಬಂದು ಎಫ್ ೫ ಕೀಲಿಯನ್ನು ಒತ್ತಿದರೆ ಅದೇ ಬೆಲೆಯು ೦ ಆಗಿರುವುದು. ವಿಂಡೋಸಿನ ಸೆಟ್ಟಿಂಗ್ಸ್ ಮುಂತಾದ ಕಡೆ ನಾವು ಹಾಕುವ ಗುರುತುಗಳು ಬಹುಮಟ್ಟಿಗೆ ಹೀಗೆ ರಿಜಿಸ್ಟ್ರಿಯಲ್ಲಿಯೇ ಬರೆಯಲ್ಪಡುತ್ತವೆ. ಬರೆಯುವವನು ಮಾತ್ರ ಪುಟವನ್ನು ತಪ್ಪದ ಗುಮಾಸ್ತ. ಆದುದರಿಂದ ಸೆಟ್ಟಿಂಗ್ಸಿನಿಂದ ಆಗುವ ಕೆಲಸಕ್ಕೆ ರಿಜಿಸ್ಟ್ರಿಯನ್ನು ತೆರೆಯುವುದು ವ್ಯರ್ಥಸಾಹಸ. (ಪ್ರಸಂಗವಶಾತ್ ಒಂದು ಮಾತು: ಫೈಲಿನ ಬಾಲವು ಕಾಣುವಂತಿರುವುದೇ ಗೃಹಸ್ಥರಿಗೆ ಕ್ಷೇಮ. ಬಿಲ್.ಪಿಡಿಎಫ್.ಇಎಕ್ಸ್‌ಇ ಎಂಬ ಕಪಟ ಫೈಲು, ಬಾಲವನ್ನು ಮರೆಮಾಡಿದರೆ, ಬಿಲ್.ಪಿಡಿಎಫ್ ಎಂಬ ಸಾಧುವಿನ ವೇಷದಲ್ಲಿ ಬರುವುದು.)

ಇನ್ನು ನಮ್ಮ ಕಥೆ. ನಮ್ಮ ಯಂತ್ರದಿಂದ ಎಂದೋ ತೆಗೆದುಹಾಕಿದ್ದ ಕಾರ್ಯಕ್ರಮವೊಂದರ ಹೆಸರು, ಯಂತ್ರವು ಏಳುವಾಗಲೆಲ್ಲ, ಸಿಕ್ಕಲಿಲ್ಲವೆಂಬ ದೂರಿನೊಡನೆ ತೆರೆಯ ಮೇಲೆ ಬರುತ್ತಿತ್ತು. ಕರೆಂಟ್ ವರ್ಷನ್ ಎಂಬ ಮೇಲಿನ ಪುಟದಲ್ಲಿಯೇ ರನ್ ಎಂಬ ಒಳಪುಟವೊಂದಿದೆ. ಯಂತ್ರದೊಡನೆ ಏಳಬೇಕಾದವರ ಹಾಜರಿಪಟ್ಟಿ ಅದು. ಅಲ್ಲಿ ಆ ಹೆಸರನ್ನು ಕಣ್ಣಿನಿಂದ ಕಂಡೆವು. ಆದರೆ ಮೌಸಿನಿಂದ ಅದನ್ನು ಆರಿಸಲಿಲ್ಲ. ಗುರುತು ಇನ್ನೂ ಎಡಗಡೆಯ ರನ್ ಎಂಬ ಪುಟದ ಮೇಲೆಯೇ ಇತ್ತು. ಡಿಲೀಟ್ ಕೀಲಿಯನ್ನು ಒತ್ತಿದೆವು. ಯಂತ್ರವು ಏನೋ ಕೇಳಿತು, ಓದದೆ ಆಗಲೆಂದೆವು. ಅದು ಕೇಳಿದ್ದೇನೆಂದರೆ, ಈ ಪುಟವನ್ನೂ ಇದರೊಳಗಿನ ಪುಟಗಳನ್ನೂ ಶಾಶ್ವತವಾಗಿ ತೆಗೆಯಲೇ ಎಂದು. ಒಬ್ಬ ಹುಡುಗನ ಹೆಸರು ಹೊಡೆಯಲು ಹೋಗಿ ತರಗತಿಯ ಹಾಜರಿಯನ್ನೇ ಹರಿದಂತಾಯಿತು. ನಲವತ್ತು ವರ್ಷ ಹುಡುಗರಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರೆಂದು ಹೇಳಿದ ಬಾಯಿ ನಮ್ಮದು!

ಮರುದಿನ ಆ ದೂರು ಬರಲಿಲ್ಲ. ನಮಗೆ ಸಂತೋಷವಾಯಿತು, ದಿನಚರಿಯಲ್ಲಿಯೂ ಬರೆದೆವು. ಆ ಪಟ್ಟಿಯಲ್ಲಿ ಮನೆಯ ಚಿತ್ರಗಳನ್ನು ದಿನದಿನವೂ ದೂರದ ಭಂಡಾರಕ್ಕೆ ಪ್ರತಿ ಮಾಡುತ್ತಿದ್ದ ಕಾರ್ಯಕ್ರಮದ ಹೆಸರೂ ಇತ್ತೆಂಬುದನ್ನು ತಿಳಿಯಲಿಲ್ಲ. ಲೋಕಲ್ ಮಷೀನಿನಲ್ಲಿಯೂ ಇಂತಹುದೇ ರನ್ ಎಂಬ ಪಟ್ಟಿಯೊಂದಿದ್ದು, ಅದರಲ್ಲಿದ್ದವು ಎಂದಿನಂತೆ ಏಳುತ್ತಿದ್ದುದರಿಂದ ಸಂಶಯಕ್ಕೂ ಎಡೆಯಿರಲಿಲ್ಲ. ನಾಲ್ಕು ತಿಂಗಳ ಮೇಲೆ ಯಂತ್ರದ ಡಿಸ್ಕು ಕೆಟ್ಟಿತು. ಹೊಸದನ್ನು ಹಾಕಿಸಿ ಭಂಡಾರದಿಂದ ಚಿತ್ರಗಳನ್ನು ತರಿಸಿದರೆ, ಆ ನಾಲ್ಕು ತಿಂಗಳವು ಒಂದೂ ಇಲ್ಲ. ನಮ್ಮ ತೀರ್ಥರೂಪರವರ ಸಹಸ್ರಚಂದ್ರದರ್ಶನಶಾಂತಿ ನಡೆದದ್ದು ಆ ಅವಧಿಯಲ್ಲಿಯೇ. ಯಂತ್ರಗಳನ್ನು ದುರಸ್ತಿ ಮಾಡುವ ನಮ್ಮ ಹಳೆಯ ಶಿಷ್ಯನೊಬ್ಬನು ಭಂಡಾರದಲ್ಲಿ ಕಡೆಯ ಚಿತ್ರ ಸೇರಿದ ತಾರೀಖನ್ನು ನೋಡಿ, "ಮೇಷ್ಟ್ರೇ, ಆ ದಿವಸ ಯಂತ್ರದಲ್ಲಿ ಏನಾದರೂ ತೆಗೆದಿರಾ?" ಎಂದು ಕೇಳಿದನು. ದಿನಚರಿಯನ್ನು ತಂದು ಅವನ ಮುಂದಿಟ್ಟೆವು. ಅವನು ಓದಿ ಸುಮ್ಮನಾದನು. ತೀರ್ಥರೂಪರವರು ಈಗ ಇಲ್ಲ.

ಇಂತಹ ಕಡೆ ಯಂತ್ರವು ನಮಗೆ ಏಕೆ ನೆರವಾಗುವುದಿಲ್ಲವೆಂದರೆ, ರಿಜಿಸ್ಟ್ರಿಯಲ್ಲಿ ಮಾಡಿದ್ದನ್ನು ಹಿಂತೆಗೆಯುವ ಕೀಲಿಯಿಲ್ಲ. ಪತ್ರ ಬರೆಯುವಾಗಿನಂತೆ ಕಡೆಯಲ್ಲಿ ಉಳಿಸಲೇ ಬೇಡವೇ ಎಂದು ಕೇಳುವುದೂ ಇಲ್ಲ. ಬರೆದ ಕ್ಷಣದಲ್ಲಿಯೇ ಬರೆದದ್ದಾಯಿತು. ಪಾಣಿನಿಯ ಸೂತ್ರಪಾಠದಲ್ಲಿ ಮೇಲಿನ ಒಂದು ಪದವು ಕೆಳಗಿನ ಹಲವು ಸೂತ್ರಗಳಿಗೆ ಅನುವೃತ್ತಿಯಿಂದ ಹರಿಯುವಂತೆ, ಇಲ್ಲಿಯ ಒಂದು ನಮೂದನ್ನು ಎಲ್ಲಿಯೋ ಇರುವ ಕಾರ್ಯಕ್ರಮವು ಓದಿಕೊಳ್ಳುತ್ತಿರುವುದು. ತೆಗೆದವರಿಗೆ ಅದು ಕಾಣದು.

ಹಾಗಾದರೆ ಕೆಂಪು ಮಸಿ ಯಾವುದು? ರಿಜಿಸ್ಟ್ರಿಯಲ್ಲಿಯೇ ಫೈಲ್ ಎಂಬ ಪಟ್ಟಿಯಲ್ಲಿ ಎಕ್ಸ್‌ಪೋರ್ಟ್ ಎಂಬುದೊಂದಿದೆ. ತಿದ್ದಬೇಕಾದ ಪುಟವನ್ನು ಎಡಗಡೆಯಲ್ಲಿ ಆರಿಸಿ, ಇದನ್ನು ಒತ್ತಿ, ಕೆಳಗೆ ಸೆಲೆಕ್ಟೆಡ್ ಬ್ರಾಂಚ್ ಎಂಬ ಗುರುತಿರುವುದನ್ನು ನೋಡಿಕೊಂಡು, ತಾರೀಖು ಸಹಿತವಾದ ಹೆಸರಿನಲ್ಲಿ ಉಳಿಸಿದರೆ ಆ ಪುಟದ ನಕಲು ನಮ್ಮ ಕೈಸೇರುವುದು. ಕೆಲಸ ಕೆಟ್ಟರೆ ಆ ಫೈಲನ್ನು ಎರಡು ಸಲ ಒತ್ತಿ ಅನುಮತಿ ಕೊಟ್ಟರೆ ಹಳೆಯ ಬೆಲೆಗಳು ಮರಳಿ ಬರುವುವು. ಇದನ್ನು ಮಾಡಲು ಅರ್ಧ ನಿಮಿಷ ಸಾಕು. ನಾವು ಆ ಅರ್ಧ ನಿಮಿಷವನ್ನು ಉಳಿಸಿಕೊಂಡೆವು. ಆದರೆ ಇದರಲ್ಲಿಯೂ ಒಂದು ಸೂಕ್ಷ್ಮವುಂಟು. ನಕಲು ಅಳಿಸಿದ್ದನ್ನು ಮರಳಿಸುವುದು, ತಿದ್ದಿದ್ದನ್ನು ಮೊದಲಿನಂತೆ ಮಾಡುವುದು. ಹೊಸದಾಗಿ ಸೇರಿಸಿದ್ದನ್ನು ಮಾತ್ರ ತೆಗೆಯದು. ಅದು ಹಳೆಯ ಪುಟವನ್ನು ಅಂಟಿಸುವುದಿಲ್ಲ, ಹಳೆಯ ಸಾಲುಗಳನ್ನು ಇರುವ ಪುಟದಲ್ಲಿ ಸೇರಿಸುವುದು. ಆದುದರಿಂದ ಹೊಸ ನಮೂದನ್ನು ಸೇರಿಸಿದವರು ಅದರ ಹೆಸರನ್ನು ಕಾಗದದ ಮೇಲೆಯೂ ಬರೆದಿಟ್ಟುಕೊಳ್ಳಬೇಕು. ಪರರು ಕಳುಹಿಸಿದ ಇಂತಹ ಫೈಲನ್ನಂತೂ ಎರಡು ಸಲ ಒತ್ತಲೇಕೂಡದು. ಅದರೊಳಗಿನ ಬರೆಹವು ಎಲ್ಲಿ ಬೇಕಾದರೂ ಹೋಗಿ ಕುಳಿತುಕೊಳ್ಳಬಲ್ಲದು, ಅಳಿಸಲೂ ಬಲ್ಲದು.

ಯಂತ್ರವೇ ಏಳದಂತಾದರೆ ಕೈಯಲ್ಲಿರುವ ನಕಲಿನಿಂದ ಸುಲಭವಾಗಿ ಪ್ರಯೋಜನವಾಗದು. ಅದಕ್ಕಾಗಿ ರಿಸ್ಟೋರ್ ಪಾಯಿಂಟ್ ಎಂಬ ಏರ್ಪಾಡಿದೆ. ಕೆಲಸಕ್ಕೆ ಮೊದಲು ಸ್ಟಾರ್ಟ್ ಪಟ್ಟಿಯಲ್ಲಿ ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್ ಎಂದು ಹುಡುಕಿ, ರಕ್ಷಣೆಯು ಆರಿಸಿದ್ದರೆ ಅದನ್ನು ಚಾಲೂ ಮಾಡಿ, ಅಂದಿನ ಸ್ಥಿತಿಯನ್ನು ಹೆಸರಿಟ್ಟು ಉಳಿಸಬಹುದು. ಯಂತ್ರವು ಏಳಲಾರದೆ ದುರಸ್ತಿಯ ಪುಟವನ್ನು ತೋರಿದಾಗ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸಿಸ್ಟಂ ರಿಸ್ಟೋರ್ ಎಂಬ ದಾರಿಯಿಂದ ಆ ಸ್ಥಿತಿಗೆ ಮರಳಬಹುದು. ಮನೆಯ ಪತ್ರ, ಚಿತ್ರಗಳನ್ನು ಇದು ಕಾಪಾಡುವುದೆಂದು ಮಾತ್ರ ತಿಳಿಯಬಾರದು. ಅವಕ್ಕೆ ಬೇರೆ ಪ್ರತಿಯೇ ಬೇಕು. ಯಂತ್ರವು ರಿಜಿಸ್ಟ್ರಿಯ ನಕಲನ್ನು ತಾನೇ ಇಟ್ಟುಕೊಳ್ಳುವುದೆಂದು ಹಳೆಯ ಪುಸ್ತಕಗಳಲ್ಲಿರುವುದು ಒಂದು ಕಾಲಕ್ಕೆ ನಿಜವೇ. ಆದರೆ ೨೦೧೮ರ ವಿಂಡೋಸ್ ೧೦ರ ಆವೃತ್ತಿಯಿಂದೀಚೆಗೆ ಆ ಪದ್ಧತಿಯು ತಾನಾಗಿ ನಡೆಯುತ್ತಿಲ್ಲ.

ರಿಜಿಸ್ಟ್ರಿಯನ್ನು ಶುದ್ಧಿ ಮಾಡಿ ಯಂತ್ರದ ವೇಗವನ್ನು ಹೆಚ್ಚಿಸುವೆವೆಂದು ಸಾರುವ ಕಾರ್ಯಕ್ರಮಗಳು ಬಹಳವಾಗಿವೆ. ಅಲ್ಲಿ ಉಳಿದ ಹಳೆಯ ನಮೂದುಗಳು ಹಿಡಿಯುವ ಸ್ಥಳ ಅತ್ಯಲ್ಪ. ಯಂತ್ರವು ಪುಸ್ತಕವನ್ನು ಮೊದಲಿನಿಂದ ಕಡೆಯವರೆಗೆ ಓದುವುದಿಲ್ಲ, ಬೇಕಾದ ಪುಟಕ್ಕೆ ನೇರವಾಗಿ ಹೋಗುವುದು. ಆದುದರಿಂದ ಅವನ್ನು ತೆಗೆದರೆ ಆಗುವ ಲಾಭ ಕಾಣುವಷ್ಟಿಲ್ಲ. ವಿಂಡೋಸನ್ನು ಮಾಡಿದ ಮೈಕ್ರೋಸಾಫ್ಟಿನವರೇ ಇಂತಹ ಶುದ್ಧೀಕರಣವನ್ನು ತಾವು ಬೆಂಬಲಿಸುವುದಿಲ್ಲವೆಂದು ತಿಳಿಸಿರುತ್ತಾರೆ. ಹಾಗೆಯೇ, ನಿಮ್ಮ ಯಂತ್ರ ಕೆಟ್ಟಿದೆ, ನಾವು ಹೇಳಿದಂತೆ ಒತ್ತಿರಿ ಎಂದು ದೂರವಾಣಿಯಲ್ಲಿ ಮಾತನಾಡುವ ಅಪರಿಚಿತರಿಗೆ ಈ ಬಾಗಿಲನ್ನು ತೆರೆಯಲೇಕೂಡದು. ಹಣವೇ ಹೋಗಿಬಿಟ್ಟಿದ್ದರೆ ತಡಮಾಡದೆ ೧೯೩೦ ಎಂಬ ಸರ್ಕಾರಿ ಸಂಖ್ಯೆಗೆ ದೂರು ಕೊಡತಕ್ಕದ್ದು.

ನಮ್ಮ ಯಂತ್ರದ ಪಕ್ಕದಲ್ಲಿ ಈಗ ಇನ್ನೂರು ಪುಟದ ಒಂದು ನೋಟುಪುಸ್ತಕವಿದೆ. ತಾರೀಖು, ಪುಟದ ಹೆಸರು, ಹಳೆಯ ಬೆಲೆ, ಹೊಸ ಬೆಲೆ, ನಕಲಿನ ಹೆಸರು ಎಂದು ಐದು ಅಂಕಣ ಗೆರೆಯೆಳೆದಿದ್ದೇವೆ. ಇದುವರೆಗೆ ಮೂರೇ ಸಾಲು ತುಂಬಿವೆ. ಒಂದು ದಿನಕ್ಕೆ ಒಂದೇ ತಿದ್ದುಪಾಟು, ಅದಾದ ಮೇಲೆ ಯಂತ್ರವನ್ನು ನಿಲ್ಲಿಸಿ ಎಬ್ಬಿಸಿ ನೋಡುವುದು ಎಂದು ಇಟ್ಟುಕೊಂಡಿದ್ದೇವೆ. ಶಾಂತಿಯ ದಿನದ ಚಿತ್ರಗಳಲ್ಲಿ ಹನ್ನೊಂದು ನೆಂಟರ ಮೊಬೈಲುಗಳಲ್ಲಿ ಸಿಕ್ಕಿದವು. ಒಂದರಲ್ಲಿ ತೀರ್ಥರೂಪರವರು ಪಕ್ಕಕ್ಕೆ ತಿರುಗಿ ಮೊಮ್ಮಗಳೊಡನೆ ಏನೋ ಹೇಳುತ್ತಿದ್ದಾರೆ. ಮುಖ ಅರ್ಧ ಮಾತ್ರ ಕಾಣುವುದು. ಅದನ್ನೇ ದೊಡ್ಡದು ಮಾಡಿಸಿ ನಡುಮನೆಯಲ್ಲಿ ಹಾಕಿದ್ದೇವೆ.