ಮನೆಯೊಡೆಯನ ಕೈ, ಗೌಂಡಿಯ ಕೈ

ಮನೆಯ ದುರಸ್ತಿಯನ್ನು ಮನೆಯವರೇ ಮಾಡಿಕೊಳ್ಳಬೇಕೋ, ಬಲ್ಲವರನ್ನು ಕರೆಸಿ ಮಾಡಿಸಬೇಕೋ ಎಂಬುದು ಮೇಲುನೋಟಕ್ಕೆ ಹಣದ ಪ್ರಶ್ನೆಯಂತೆ ತೋರುತ್ತದೆ. ಕೈಯಲ್ಲಿ ಕಾಸಿದ್ದವನು ಗೌಂಡಿಗೆ ಹೇಳಿಕಳಿಸುತ್ತಾನೆ. ಇಲ್ಲದವನು ತಾನೇ ಗುದ್ದಲಿ ಹಿಡಿಯುತ್ತಾನೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳೆಯ ಮಾಳಿಗೆಮನೆಗಳನ್ನು ನೆನೆದಾಗ, ಈ ಪ್ರಶ್ನೆಯ ಬೇರು ಇನ್ನೂ ಆಳದಲ್ಲಿದೆಯೆಂದು ನನಗೆ ತೋರುತ್ತದೆ.

ಮಾಳಿಗೆಯ ರಚನೆ ಸರಳವಾದುದು. ಕಲ್ಲುಮಣ್ಣಿನ ದಪ್ಪ ಗೋಡೆ, ಕಂಬ, ತೊಲೆ. ತೊಲೆಯ ಮೇಲೆ ಜಂತಿ. ಜಂತಿಯ ಮೇಲೆ ಹಲಗೆಯನ್ನೋ ಕಟ್ಟಿಗೆಯನ್ನೋ ಹಾಸಿ, ಅದರ ಮೇಲೆ ಮಣ್ಣು. ಈ ಸೀಮೆಯ ಹೆಮ್ಮೆಯಾದ ಎರೆಮಣ್ಣು ಇಲ್ಲಿ ಕೆಲಸಕ್ಕೆ ಬಾರದು. ಬಿಸಿಲಿಗೆ ಅದು ಬಾಯಿಬಿಡುತ್ತದೆ. ಸವುಳು ಮಣ್ಣೇ ಬೇಕು. ಅದರಲ್ಲಿರುವ ಸೋಡಿಯಂ, ನೀರು ಬಿದ್ದಾಗ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಆ ನುಣುಪಾದ ಕಣಗಳು ಸಂದುಗಳನ್ನು ತುಂಬಿ ನೀರು ಕೆಳಗಿಳಿಯದಂತೆ ತಡೆಯುತ್ತವೆ. ರಸಾಯನಶಾಸ್ತ್ರವನ್ನು ಓದದ ಒಕ್ಕಲಿಗನಿಗೂ ಈ ಗುಣ ತಿಳಿದಿತ್ತು.

ಮಳೆಗಾಲಕ್ಕೆ ಮುನ್ನ ಮಾಳಿಗೆಯೇರಿ, ಹುಲ್ಲು ಕಿತ್ತು, ಇಲಿಯ ಬಿಲ ಮುಚ್ಚಿ, ಹೊಸ ಮಣ್ಣು ಹರವಿ, ಹರನಾಳಿಗೆಯ ಕಡೆಗೆ ಇಳಿಜಾರು ಮಾಡಿ ತುಳಿಯುವುದು ಮನೆಯವರದೇ ಕೆಲಸ. ಬಡಿಗನೂ ಕಲ್ಲುಕುಟಿಗನೂ ಬರುತ್ತಿದ್ದುದು ತೊಲೆ ಬದಲಿಸುವಾಗ, ಗೋಡೆ ಎಬ್ಬಿಸುವಾಗ. ಮನೆಯವರ ಕೆಲಸದಲ್ಲಿ ಕುಂದಿದ್ದರೆ ಅದನ್ನು ಹೇಳಲು ಇನ್ನೊಬ್ಬರು ಬೇಕಾಗಿರಲಿಲ್ಲ. ಮೊದಲ ಮಳೆಗೇ ಅಡುಗೆಮನೆಯಲ್ಲಿ ಹನಿ ಬೀಳುತ್ತಿತ್ತು. ಅಂದು ಒಂದು ಪಾತ್ರೆಯಿಟ್ಟು, ಮಳೆ ನಿಂತ ಮೇಲೆ ಮತ್ತೆ ಮಾಳಿಗೆ ಹತ್ತಿದರಾಯಿತು. ತಾಳಿಕೋಟೆಯ ಫರಸಿಕಲ್ಲನ್ನು ಏರುಪೇರಾಗಿ ಹಾಸಿದರೂ ಅಷ್ಟೇ. ಮರುದಿನವೇ ಅದು ಕಾಲಿಗೆ ತೊಡರುತ್ತದೆ. ಇಂಥ ತಪ್ಪುಗಳು ಬೇಗ ಬಾಯಿಬಿಡುತ್ತವೆ, ತಿದ್ದಿಕೊಳ್ಳಲು ಬಿಡುವನ್ನೂ ಕೊಡುತ್ತವೆ. ಈ ಕೆಲಸಗಳನ್ನು ಮನೆಯೊಡೆಯನು ಧೈರ್ಯವಾಗಿ ಮಾಡಬಹುದು.

ಆದರೆ ಅದೇ ಮಾಳಿಗೆಯಲ್ಲಿ ಬಾಯಿಬಿಡದ ತಪ್ಪೂ ಒಂದಿತ್ತು. ಅದು ಭಾರ. ಸೋರಿದ ವರ್ಷವೆಲ್ಲ ನಾಲ್ಕು ಬುಟ್ಟಿ ಹೊಸ ಮಣ್ಣು ಏರುತ್ತಿತ್ತು. ಹಳೆಯದನ್ನು ಇಳಿಸುವವರು ವಿರಳ. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ ಅದರ ತೂಕ ಸುಮಾರು ನಾಲ್ಕೂವರೆ ಟನ್, ಎರಡಡಿಯಾದರೆ ಒಂಬತ್ತು. ಆ ಮನೆಯವರು ಅದರ ಕೆಳಗೆ ನಿಶ್ಚಿಂತೆಯಿಂದ ಮಲಗುತ್ತಿದ್ದರು; ಬೇಸಗೆಯಲ್ಲಿ ತಂಪು ಕೊಡುತ್ತಿದ್ದುದೂ ಅದೇ ಮಣ್ಣು.

1993ರ ಸೆಪ್ಟೆಂಬರ್ 30ರಂದು, ಬೆಳಗಿನ ನಾಲ್ಕು ಗಂಟೆಯ ಹೊತ್ತಿಗೆ, ಭೀಮೆಯಾಚೆ ಸೊಲ್ಲಾಪುರವನ್ನೂ ದಾಟಿದರೆ ಸಿಗುವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಅಲ್ಲಿನ ಮನೆಗಳೂ ನಮ್ಮ ಮನೆಗಳ ಜಾತಿಯವೇ. ಗೋಡೆಯ ಒಳಮೈಯನ್ನೂ ಹೊರಮೈಯನ್ನೂ ಹಿಡಿದಿಡುವ ಅಡ್ಡಗಲ್ಲುಗಳಿರಲಿಲ್ಲ; ಗೋಡೆಗಳು ಸೀಳಿ ಬಿದ್ದವು, ಮಾಳಿಗೆಯ ಮಣ್ಣು ಮಲಗಿದ್ದವರ ಮೇಲೆ ಕುಸಿಯಿತು. ಸುಮಾರು ಹತ್ತು ಸಾವಿರ ಜನ ಸತ್ತರು. 2009ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಉತ್ತರ ಕರ್ನಾಟಕದಲ್ಲಿಯೇ ಎಡೆಬಿಡದೆ ಮಳೆ ಹೊಯ್ದಾಗಲೂ ಇಂಥ ಮನೆಗಳು ಬಿದ್ದವು. ನೆನೆದ ಗೋಡೆ ಕಸುವು ಕಳೆದುಕೊಂಡಿತ್ತು, ನೀರು ಕುಡಿದ ಮಾಳಿಗೆಯ ತೂಕ ಹೆಚ್ಚಿತ್ತು.

ಹಾಗೆಂದು ಎಲ್ಲವನ್ನೂ ಗೌಂಡಿಗೆ ಒಪ್ಪಿಸಿ ಕೈತೊಳೆದುಕೊಳ್ಳಬಹುದೆ? ಗೌಂಡಿಗೆ ಸನ್ನದು ಕೊಡುವ ಕಾನೂನು ನಮ್ಮಲ್ಲಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಹೆಸರು ನೋಂದಾಯಿಸುವ ಗುತ್ತೇದಾರನು ಸರಕಾರದ ಕಾಮಗಾರಿಗಾಗಿ ನೋಂದಾಯಿಸುತ್ತಾನೆ. ಲೈಸೆನ್ಸು ಕಡ್ಡಾಯವಾಗಿರುವುದು ವಿದ್ಯುತ್ತಿನ ತಂತಿಗೆ. 1956ರ ವಿದ್ಯುತ್ ನಿಯಮಗಳು ದೀಪ, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವಂಥ ಸಣ್ಣ ಕೆಲಸವನ್ನು ಮನೆಯವರಿಗೆ ಬಿಟ್ಟು, ಉಳಿದುದನ್ನು ಸರಕಾರದ ಲೈಸೆನ್ಸು ಪಡೆದವರೇ ಮಾಡಬೇಕೆಂದವು. ಅನಂತರದ ನಿಯಮಗಳೂ ಈ ವಿಂಗಡಣೆಯನ್ನು ಉಳಿಸಿಕೊಂಡಿವೆ. ಇದರಲ್ಲಿ ವಿವೇಕವಿದೆ. ಸುಟ್ಟ ಬಲ್ಬು ಕಣ್ಣಿಗೆ ಕಾಣುತ್ತದೆ. ಗೋಡೆಯೊಳಗಿನ ತಂತಿಯ ದೋಷ ಕಾಣುವುದಿಲ್ಲ. ಕಾನೂನು ತಂತಿಗೆ ಹಚ್ಚಿದ ಈ ಅಳತೆಯನ್ನು ಗೋಡೆಗೂ ಛಾವಣಿಗೂ ಹಚ್ಚುವ ಹೊಣೆ ಮನೆಯೊಡೆಯನದಾಗಿದೆ.

ಇಂದು ಮಾಳಿಗೆಯ ಜಾಗದಲ್ಲಿ ಕಾಂಕ್ರೀಟಿನ ಛಾವಣಿ ಬಂದಿದೆ. ಅದರ ಕಬ್ಬಿಣದ ಲೆಕ್ಕವನ್ನು ಇಂಜಿನಿಯರನೇ ಹಾಕಬೇಕು. ಆದರೆ ಕಲಸುವ ಸುಲಭಕ್ಕಾಗಿ ಹೆಚ್ಚು ನೀರು ಸುರಿದರೆ ಕಾಂಕ್ರೀಟು ಬಲಗುಂದುತ್ತದೆಂಬುದನ್ನು ಮನೆಯೊಡೆಯನೂ ತಿಳಿದಿರಬೇಕು. ಗೌಂಡಿ ಕೂಲಿ ಪಡೆದು ಹೋದ ಮೇಲೆ ಏಳು ದಿನವಾದರೂ ಛಾವಣಿ ಆರದಂತೆ ನೀರು ನಿಲ್ಲಿಸಬೇಕಾದವರು ಮನೆಯವರೇ. ಬೇಸಗೆಯಲ್ಲಿ ಕೊಡನೀರಿಗೂ ಪರದಾಡುವ ನಮ್ಮ ಊರುಗಳಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಕಿಲ್ಲಾರಿಯ ಸುತ್ತ ಹಾನಿ ಕಡಿಮೆಯಿದ್ದ ಊರುಗಳಲ್ಲಿ ನಡೆದುದೂ ಹೀಗೆಯೇ. ಸರಕಾರದ ನೆರವು ಪಡೆದು ಮನೆಯವರೇ ಕೆಲಸ ಹಿಡಿದರು. ಮಾಳಿಗೆಯ ಮಣ್ಣು ಇಳಿಸುವುದು, ಗೋಡೆಗೆ ಅಡ್ಡಬಂಧ ಕೊಡುವುದು ಹೇಗೆಂಬುದನ್ನು ಇಂಜಿನಿಯರರು ತೋರಿಸಿಕೊಟ್ಟರು.

ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ಕಾಯಕವೆಂದರೆ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಇನ್ನೊಬ್ಬನ ಕಾಯಕದಲ್ಲಿ ಅಡಗಿರುವ ವಿದ್ಯೆಯನ್ನು ಗೌರವಿಸುವುದೂ ಆ ಮಾತಿನ ಅರ್ಥವೇ ಎಂದು ನನ್ನ ತಿಳಿವಳಿಕೆ. ಈ ಸಲ ಮಳೆಗಾಲಕ್ಕೆ ಮುನ್ನ ಹಳೆಯ ಮಾಳಿಗೆಯೇರುವವರು, ಹೊಸ ಬುಟ್ಟಿಯನ್ನು ಸುರಿಯುವ ಮೊದಲು ಹಳೆಯ ಮಣ್ಣು ಎಷ್ಟು ದಪ್ಪವಿದೆಯೆಂದು ಒಮ್ಮೆ ಅಗೆದು ನೋಡಲಿ. ಅಷ್ಟನ್ನು ಅವರೇ ಮಾಡಬಲ್ಲರು. ಕೆಳಗಿನ ತೊಲೆ, ಗೋಡೆಗಳು ಆ ಭಾರವನ್ನು ತಡೆಯಬಲ್ಲವೇ ಎಂಬುದನ್ನು ಮಾತ್ರ ಬಲ್ಲವರನ್ನು ಕರೆಸಿ ಕೇಳಲಿ.