ಹುಲ್ಲುಹಳದಿ ಚಿಟ್ಟೆ

ಮುಂಗಾರು ಕಾಲಿಟ್ಟು ಕೆಲವು ವಾರಗಳು ಕಳೆಯುವಷ್ಟರಲ್ಲಿ ಮೈಸೂರಿನ ಚಾಮುಂಡಿಬೆಟ್ಟದ ತಪ್ಪಲಿನ ಬಯಲುಗಳು ಹಸಿರೇರುತ್ತವೆ. ಆ ಹುಲ್ಲಿನ ಮೇಲೆ, ನೆಲದಿಂದ ಎರಡು ಮೂರು ಅಡಿಗಳೊಳಗೇ, ನಿಂಬೆಹಣ್ಣಿನ ಬಣ್ಣದ ಪುಟ್ಟ ಚಿಟ್ಟೆಯೊಂದು ತೂರಾಡುತ್ತ ಸಾಗುವುದನ್ನು ಕಾಣದವರು ವಿರಳ. ನಿಂತು ನೋಡಿದವರು ಇನ್ನೂ ವಿರಳ. ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ, ಬೇಲಿಯ ಸಾಲಿನಲ್ಲಿ, ಬಡಾವಣೆಗಳ ಖಾಲಿ ನಿವೇಶನಗಳಲ್ಲಿಯೂ ಇದು ಕಾಣಸಿಗುತ್ತದೆ. ಇದೇ ಹುಲ್ಲುಹಳದಿ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು. ಈಗ ಅದನ್ನು ಯುರೇಮಾ ಹೆಕಬೆ ಎನ್ನುತ್ತಾರೆ. ಹೆಕಬೆ ಗ್ರೀಕ್ ಪುರಾಣದಲ್ಲಿ ಟ್ರಾಯ್ ನಗರದ ರಾಣಿ. ಪಾಳು ನಿವೇಶನದ ಚಿಟ್ಟೆಗೆ ರಾಣಿಯ ಹೆಸರು!

ರೆಕ್ಕೆಗಳನ್ನು ಹರಡಿದಾಗ ಇದರ ಅಗಲ 4ರಿಂದ 5 ಸೆಂಟಿಮೀಟರ್. ಮೇಲ್ಮೈಯ ಹಳದಿಗೆ ಕಪ್ಪು ಅಂಚುಂಟು; ಮುಂದಿನ ರೆಕ್ಕೆಯಲ್ಲಿ ಆ ಅಂಚು ಒಂದೆಡೆ ಯಾರೋ ಕಚ್ಚಿ ತೆಗೆದಂತೆ ಒಳಸರಿದಿದೆ. ಇದೇ ಮುಖ್ಯ ಗುರುತು. ಆದರೆ ಕುಳಿತೊಡನೆ ಚಿಟ್ಟೆ ರೆಕ್ಕೆಗಳನ್ನು ಮಡಿಚಿಕೊಳ್ಳುವುದರಿಂದ ಅದು ಮರೆಯಾಗುತ್ತದೆ. ಬಿಸಿಲು ಚಿಟ್ಟೆಯ ಆಚೆಯಿಂದ ಬೀಳುವಂತೆ ನಿಂತರೆ ಕಪ್ಪಂಚು ರೆಕ್ಕೆಯ ಮೂಲಕವೇ ನೆರಳಿನಂತೆ ತೋರುತ್ತದೆ. ಮುಂದಿನ ರೆಕ್ಕೆಯ ಕೆಳಮೈಯಲ್ಲಿ, ಬುಡದ ಸಮೀಪ, ಸಾಮಾನ್ಯವಾಗಿ ಎರಡು ಸಣ್ಣ ಕಂದು ಗುರುತುಗಳಿರುತ್ತವೆ. ಮೂರಿದ್ದರೆ ಅದು ಇದರ ಹತ್ತಿರದ ಬಂಧು, ಬೇರೊಂದು ಜಾತಿ.

ಇಷ್ಟನ್ನು ಕಲಿತವನೂ ಮಾಘಮಾಸದಲ್ಲಿ ಅದೇ ಬಯಲಿಗೆ ಹೋದರೆ ತಬ್ಬಿಬ್ಬಾಗುತ್ತಾನೆ. ಆಗಿನ ಚಿಟ್ಟೆಗಳಲ್ಲಿ ಕಪ್ಪಂಚು ಕುಗ್ಗಿರುತ್ತದೆ. ಕೆಳಮೈಯಲ್ಲಿ ಮುಂದಿನ ರೆಕ್ಕೆಯ ತುದಿಗೆ ತುಕ್ಕಿನ ಬಣ್ಣದ ಮಚ್ಚೆ ಮೂಡಿರುತ್ತದೆ. ಹಿಂದಿನ ಪ್ರಾಣಿಶಾಸ್ತ್ರಜ್ಞರೂ ಇಂತಹ ವ್ಯತ್ಯಾಸಗಳಿಗೆ ಮರುಳಾಗಿ ಒಂದೇ ಚಿಟ್ಟೆಗೆ ಹಲವು ಹೆಸರುಗಳನ್ನು ಕೊಟ್ಟದ್ದುಂಟು. ವಾಸ್ತವವಾಗಿ ಇದು ಋತುಮಾನದ ಉಡುಪು. ಹುಳುವಾಗಿದ್ದಾಗಿನ ಹಗಲಿನ ಉದ್ದ ಮತ್ತು ಉಷ್ಣತೆ ಮುಂದಿನ ಚಿಟ್ಟೆಯ ರೂಪವನ್ನು ನಿರ್ಣಯಿಸುತ್ತವೆ. ಒಣಹುಲ್ಲಿನ ನಡುವೆ ಕುಳಿತ ಆ ಮಚ್ಚೆಯ ಚಿಟ್ಟೆ ಹಣ್ಣೆಲೆಯಂತೆಯೇ ಕಾಣುತ್ತದೆ.

ಹುಲ್ಲಿನ ಹೆಸರು ಹೊತ್ತಿದ್ದರೂ ಇದರ ಹುಳು ಹುಲ್ಲನ್ನು ಮುಟ್ಟುವುದಿಲ್ಲ. ಮಳೆಗಾಲದಲ್ಲಿ ತಾನಾಗಿ ಹುಟ್ಟುವ ತಗಚೆ ಅದರ ಆಹಾರ ಸಸ್ಯಗಳಲ್ಲೊಂದು. ಹೆಣ್ಣು ಚಿಟ್ಟೆ ಗಿಡದಿಂದ ಗಿಡಕ್ಕೆ ಹಾರಿ, ಎಲೆಯನ್ನು ಕಾಲಿನಿಂದ ಮುಟ್ಟಿ ಪರೀಕ್ಷಿಸಿ, ಒಪ್ಪಿಗೆಯಾದರೆ ಹೊಟ್ಟೆಯ ತುದಿಯನ್ನು ಬಾಗಿಸಿ ಕದಿರಿನಾಕಾರದ ಒಂದೇ ಒಂದು ಬಿಳಿಯ ಮೊಟ್ಟೆಯನ್ನಿಟ್ಟು ಮುಂದೆ ಸಾಗುತ್ತದೆ. ಜನರಿಗೆ ತಗಚೆ ಬರಿಯ ಕಳೆ. ನಿವೇಶನವನ್ನು ಚೊಕ್ಕಟಗೊಳಿಸುವ ಉತ್ಸಾಹದಲ್ಲಿ ಅದನ್ನು ಕಿತ್ತೆಸೆದಾಗ ಎಲೆಗಂಟಿದ ಮೊಟ್ಟೆಗಳೂ ಹುಳುಗಳೂ ಅದರೊಡನೆ ಬಾಡುತ್ತವೆ. ಎಲೆಯಷ್ಟೇ ಹಸಿರಾದ ಆ ಹುಳುಗಳು ಕೀಳುವವನ ಕಣ್ಣಿಗೆ ಬೀಳುವುದೂ ಇಲ್ಲ.

ಗಿಡ ಉಳಿದರೆ ಹುಳು ಬೆಳೆದು, ಕಡ್ಡಿಗೆ ರೇಷ್ಮೆಯೆಳೆಯ ನಡುಕಟ್ಟು ಬಿಗಿದುಕೊಂಡು ಕೋಶವಾಗುತ್ತದೆ. ಚಿಟ್ಟೆ ಹೊರಬರುವ ಮುನ್ನ ಕೋಶದ ಗೋಡೆ ಪಾರದರ್ಶಕವಾಗಿ ಒಳಗಿನ ಹಳದಿ ರೆಕ್ಕೆ ತೋರುತ್ತದೆ. ಮುಂದೆ ಜೀವಮಾನವಿಡೀ ಮಡಿಚಿ ಮರೆಮಾಡುವ ಆ ಕಪ್ಪಂಚನ್ನು ಸಾವಧಾನವಾಗಿ ನೋಡಲು ದೊರೆಯುವ ಸಮಯ ಅದೊಂದೇ.